ಬುಧವಾರದ ಮದುಮಗಳು

“ಕರಡಿ ಬರುತ್ತಾ?”

ಬೆಳಗ್ಗೆಯಿಂದ ಇದನ್ನೇ ಕೇಳಿದವರಲ್ಲಿ ಇವನು ಮೂರನೆಯವನು. ಹೆರ್ಮೀನಾ ತಿರುಗಿ ನೋಡಿದಳು. ಬೋಳು ತಲೆ, ಕೆಂಪು ಕೆನ್ನೆ, ಎರಡು ಕೈಗೂ ಒಂದೊಂದು ಊರುಗೋಲು, ಎದೆಯ ಮೇಲೆ ಕರಡಿ ಓಡಿಸುವ ಗಂಟೆ. ಗಂಟೆಯನ್ನು ನಿನ್ನೆ ಹೋಟೆಲಿನ ಅಂಗಡಿಯಲ್ಲಿ ಕೊಂಡದ್ದು. ಒಬ್ಬ ಕೊಂಡ ಅಂತ ಹನ್ನೆರಡು ಜನರೂ ಕೊಂಡಿದ್ದರು. ಹಳ್ಳದ ಪಕ್ಕದ ಕಾಲುದಾರಿ ಪೂರ್ತಿ ಕುರಿಮಂದೆ ಮೇಯಲು ಬಿಟ್ಟ ಹಾಗೆ ಗಣಗಣ ಎನ್ನುತ್ತಿತ್ತು.

“ಬರುತ್ತೆ,” ಎಂದಳು ಅವಳು ಇಂಗ್ಲಿಷಿನಲ್ಲಿ. “ಆದರೆ ನಮ್ಮ ಕರಡಿಗಳಿಗೆ ಒಳ್ಳೇ ಸಂಗೀತದ ಅಭ್ಯಾಸ ಇದೆ. ಇದನ್ನು ಕೇಳಿ ತಡ್ಕೊಳ್ಳೋದು ಕಷ್ಟ.”

ಅವರು ಹೋ ಎಂದು ನಕ್ಕರು. ಏನು ಹೇಳಿದರೂ ನಗುವ ಜನ. ಹಾಲೆಂಡಿನಲ್ಲಿ ಅಗ್ನಿಶಾಮಕ ದಳದಿಂದ ನಿವೃತ್ತರಾದವರಂತೆ. ಹೆಂಡಂದಿರೆಲ್ಲ ಈ ದಿನ ಬಿಸಿನೀರಿನ ಕೊಳದಲ್ಲಿ ನೆನೆಯಲು ಹೋಗಿದ್ದರು. ಗಂಡಸರಿಗೆ ಮಾತ್ರ ‘ಸ್ಲೊವಾಕಿಯಾದ ಬೆಟ್ಟ ಮತ್ತು ಸಂಸ್ಕೃತಿ, ಒಂದು ದಿನದಲ್ಲಿ’. ಕಾವಲಿಯ ಹಾಗೆ ಚಪ್ಪಟೆಯಾದ ದೇಶದಿಂದ ಬಂದು, ಎಮ್ಮೆಯೂ ಅಡ್ಡಾಡಿಕೊಂಡು ಹತ್ತುವ ಏರಿಗೆ ನಾಲ್ಕು ಕಾಲು ಮಾಡಿಕೊಂಡು ನಡೆಯುತ್ತಿದ್ದರು. ಬೆಂಕಿ ಆರಿಸುತ್ತಿದ್ದರಂತೆ ಇವರು! ಮೂರನೇ ಮಹಡಿಯಲ್ಲಿ ಬೆಂಕಿ ಬಿದ್ದರೆ ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು.

ಮೇಲಿನಿಂದ ಒಬ್ಬ ಮುದುಕಿ ಬಕೆಟ್ಟಿನ ತುಂಬ ನೀಲಿ ಕಾಡುಹಣ್ಣು ಹಿಡಿದುಕೊಂಡು ಇಳಿದು ಬಂದಳು. ಮೊದಲನೆಯವನ ಎದುರು ನಿಂತು “ಶುಭ ದಿನ” ಎಂದಳು. ಎರಡನೆಯವನಿಗೂ ಎಂದಳು. ಬೆಟ್ಟದ ದಾರಿಯಲ್ಲಿ ಎದುರಾದವರಿಗೆ ಶುಭ ಹೇಳದೆ ಹೋಗುವವನು ಒಂದೋ ಕಳ್ಳ, ಇಲ್ಲವೋ ಪೊಲೀಸ್ ಅಂತ ಈ ಕಣಿವೆಯ ಮಾತು. ಬೆಳಗ್ಗೆ ಬಸ್ಸಿನಲ್ಲಿ ಹೆರ್ಮೀನಾ ಆ ಎರಡು ಶಬ್ದಗಳನ್ನು ಇವರಿಗೆ ಗಿಳಿಪಾಠದ ಹಾಗೆ ಹೇಳಿಕೊಟ್ಟಿದ್ದಳು. ಒಬ್ಬನೂ ಬಾಯಿ ಬಿಡಲಿಲ್ಲ. ನಾಲ್ಕನೆಯವನು ಬಕೆಟ್ಟಿನ ಫೋಟೋ ತೆಗೆದುಕೊಂಡ.

“ಯಾರೇ ಇವ್ರು, ಮೂಕರಾ?” ಎಂದಳು ಮುದುಕಿ.

“ಅಲ್ಲ ಚಿಕ್ಕಮ್ಮ, ಪ್ರವಾಸಿಗಳು.”

“ಎರಡೂ ಒಂದೇ ಬಿಡು. ನಿಮ್ಮಮ್ಮ ಹೇಗಿದ್ದಾಳೆ?”

“ಇವತ್ತು ಬುಧವಾರ ಅಲ್ವಾ, ನೋಡ್ತೀನಿ,” ಎಂದಳು ಹೆರ್ಮೀನಾ.

ಮುದುಕಿ ಲೊಚಗುಟ್ಟಿ ಕೆಳಗಿಳಿದಳು. ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೆರ್ಮೀನಾಳ ತಾಯಿ ಪೌಲೀನಾ ತನ್ನ ಒಬ್ಬಳೇ ಮಗಳ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ವಾರಕ್ಕೊಮ್ಮೆ, ಬುಧವಾರ ಮಧ್ಯಾಹ್ನ, ತಾಯಿ ಮಗಳು ಒಂದೇ ಸೂರಿನ ಕೆಳಗೆ ಪ್ರವಾಸಿಗಳೆದುರು ನಿಲ್ಲುತ್ತಿದ್ದರು. ತಾಯಿ ಹಾಡುತ್ತಿದ್ದಳು, ಮಗಳು ವಿವರಿಸುತ್ತಿದ್ದಳು. ಹೊಟ್ಟೆಪಾಡು.

ಕೆಳಗೆ ಬಸ್ಸಿನ ಹತ್ತಿರ ಮೆತೋದ್ ಕಾಯುತ್ತಿದ್ದ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುವವನು, ಬೇಸಿಗೆಯಲ್ಲಿ ಈ ಬಸ್ಸು. ದಪ್ಪ ಆಳು, ದಪ್ಪ ಮೀಸೆ, ದಿನಕ್ಕೆ ಹತ್ತು ಮಾತಾಡಿದರೆ ಆ ದಿನ ಜ್ವರ ಬಂದಿದೆ ಎಂದೇ ಲೆಕ್ಕ. ಹೆರ್ಮೀನಾಳ ಗಂಡ. ಊರಿನ ಪಾದ್ರಿಯನ್ನು ಕೇಳಿದರೆ ಗಂಡನಲ್ಲ. ಮೆತೋದ್‌ನ ಮೊದಲ ಹೆಂಡತಿ ಅವನನ್ನು ಬಿಟ್ಟು ಹೋಗಿ ಬೇರೊಬ್ಬನ ಜೊತೆ ಸಂಸಾರ ಮಾಡಿಕೊಂಡಿದ್ದರೂ ಇಗರ್ಜಿಯ ಲೆಕ್ಕದಲ್ಲಿ ಅವನು ಇನ್ನೂ ಅವಳ ಗಂಡನೇ. ಹಾಗಾಗಿ ಇವರಿಬ್ಬರೂ ಪೇಟೆಯ ನಗರಸಭೆಗೆ ಹೋಗಿ, ಇಬ್ಬರು ಸಾಕ್ಷಿಗಳೆದುರು ರುಜು ಹಾಕಿ, ಎದುರಿನ ಹೋಟೆಲಿನಲ್ಲಿ ಊಟ ಮಾಡಿ ಬಂದಿದ್ದರು. ಪೌಲೀನಾ ಹೋಗಿರಲಿಲ್ಲ.

“ನಿನ್ನ ತಲೆ ಮೇಲೆ ಯಾರೂ ಮದುವೆ ಕುಲಾವಿ ತೊಡಿಸಿಲ್ಲ. ಹಾಡು ಹೇಳಿಲ್ಲ. ಗುಮಾಸ್ತನ ಮುಂದೆ ಹೆಬ್ಬೆಟ್ಟು ಒತ್ತಿದ್ರೆ ಹಸು ಮಾರಿದ ಹಾಗಾಗುತ್ತೆ, ಮದುವೆ ಆಗಲ್ಲ. ನೀನಿನ್ನೂ ಹುಡುಗಿನೇ. ನಲವತ್ತು ವರ್ಷದ ಹುಡುಗಿ,” ಎಂದಿದ್ದಳು ಅಂದು ಸಂಜೆ ಬಾಗಿಲಲ್ಲಿ ನಿಂತು. “ಆ ಮನುಷ್ಯ ನಾನಿರೋ ಕಡೆ ಹೊಸ್ತಿಲು ತುಳೀಬಾರ್ದು.” ಅದೇ ಕೊನೆಯ ಮಾತು.

ಮೆತೋದ್ ತುಳಿಯಲಿಲ್ಲ. ಬುಧವಾರದ ಊಟದ ಹೊತ್ತಿನಲ್ಲಿ ಎಲ್ಲರೂ ಒಳಗೆ ಹೋದರೆ ಅವನು ಬಸ್ಸಿನಲ್ಲೇ ಕೂತು ಬ್ರೆಡ್ಡು ಈರುಳ್ಳಿ ತಿನ್ನುತ್ತಿದ್ದ. ಹೆರ್ಮೀನಾಗೆ ಅವನ ಮೇಲೂ ಸಿಟ್ಟು ಬರುತ್ತಿತ್ತು. ಇಷ್ಟು ದೊಡ್ಡ ದೇಹ ಹೊತ್ತುಕೊಂಡು ಒಬ್ಬ ಮುದುಕಿಗೆ ಹೆದರಿ ಈರುಳ್ಳಿ ಕಚ್ಚುತ್ತಾನಲ್ಲ!

ಲೆಹೋಟ್ಕಾ ಊರಿನಲ್ಲಿ ಮೊದಲು ತೋರಿಸಬೇಕಾದ್ದು ಹಳೆಯ ಕಾಲದ ಮರದ ಮನೆ. ಈಗ ಅದರಲ್ಲಿ ಯಾರೂ ಇಲ್ಲ, ಬರೀ ವಸ್ತುಗಳಿವೆ. ತೊಟ್ಟಿಲು, ನೂಲುವ ರಾಟೆ, ಗಿಣ್ಣಿನ ಅಚ್ಚು. ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಬಂಗಾರದ ದಾರದ ಕಸೂತಿಯ ಒಂದು ಕುಲಾವಿ. ಮದುವೆಯ ದಿನ ಹೆಣ್ಣಿನ ಜಡೆ ಬಿಚ್ಚಿ, ಗಂಟು ಕಟ್ಟಿ, ಅದರ ಮೇಲೆ ತೊಡಿಸುವಂಥದ್ದು. ಅಲ್ಲಿಂದ ಮುಂದೆ ಅವಳು ಹುಡುಗಿಯಲ್ಲ, ಹೆಂಗಸು. ಈ ಕುಲಾವಿಯನ್ನು ಪೌಲೀನಾ ಮಗಳಿಗಾಗಿ ಮೂರು ಚಳಿಗಾಲ ಕೂತು ಹೊಲಿದಿದ್ದಳು. ನಗರಸಭೆಯ ಮದುವೆಯಾದ ವಾರದಲ್ಲೇ ತಂದು ಈ ಮನೆಗೆ ದಾನ ಕೊಟ್ಟು, ಚೀಟಿಯನ್ನೂ ತಾನೇ ಬರೆಸಿದ್ದಳು: ‘ಮದುವೆಯ ಕುಲಾವಿ. ಯಾರೂ ತೊಟ್ಟಿಲ್ಲ.’

ಪ್ರತಿ ಬುಧವಾರ ಹೆರ್ಮೀನಾ ಅದನ್ನು ಬೆರಳು ಮಾಡಿ ತೋರಿಸಬೇಕು. ಪ್ರತಿ ಬುಧವಾರ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ.

“ಯಾಕೆ ಯಾರೂ ತೊಡಲಿಲ್ಲ?” ಎಂದ ಬೋಳುತಲೆಯವನು. ಅವನ ಹೆಸರು ವಿಮ್.

ಹೋದ ವಾರ ಆ ಹುಡುಗಿ ಸತ್ತಳು ಎಂದಿದ್ದಳು. ಅದಕ್ಕೂ ಹಿಂದಿನ ವಾರ ಸನ್ಯಾಸಿನಿಯಾದಳು ಎಂದಿದ್ದಳು. ಇವತ್ತು, “ಅದಕ್ಕಿಂತ ಕೆಟ್ಟದಾಯ್ತು. ಅವಳು ಗೈಡ್ ಆದಳು,” ಎಂದಳು. ಮತ್ತೆ ಹೋ ಎಂದು ನಗು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಊಟ ರಸ್ತೆ ಪಕ್ಕದ ಕೊಲಿಬಾದಲ್ಲಿ. ಒಂದು ಕಾಲದಲ್ಲಿ ಕೊಲಿಬಾ ಅಂದರೆ ಬೆಟ್ಟದ ಮೇಲೆ ಕುರುಬರು ಹೊಗೆಯಲ್ಲಿ ಮಲಗುವ ಗುಡಿಸಲು. ಈಗಿನದು ದಪ್ಪ ದಿಮ್ಮಿಗಳಿಂದ ಕಟ್ಟಿದ ಊಟದ ಮನೆ. ಗೋಡೆಯ ಮೇಲೆ ಕರಡಿಯ ಚರ್ಮ, ಅದರ ಕೆಳಗೆ ಕಾರ್ಡು ಉಜ್ಜುವ ಯಂತ್ರ. ಪ್ರವಾಸ ನಡೆಸುವ ರಾಸ್ತೊ ಬಾಗಿಲಲ್ಲೇ ನಿಂತಿದ್ದ. ಮೂವತ್ತೈದರ ಆಸುಪಾಸಿನ ಹುಡುಗ. ಕಸೂತಿಯ ಅಂಗಿ, ಕೆಳಗೆ ಹರಿದ ಜೀನ್ಸು, ಬಾಯಲ್ಲಿ ‘ಅನುಭವ’ ಎಂಬ ಒಂದೇ ಶಬ್ದ.

“ಹೆರ್ಮೀನಾ ಅವ್ರೇ, ಗ್ರಾಹಕರಿಗೆ ಅನುಭವ ಹೇಗಾಗ್ತಿದೆ?”

“ಕಾಲು ನೋಯ್ತಿದೆಯಂತೆ.”

“ಅದೂ ಒಂದು ಅನುಭವಾನೇ!” ಎಂದ ರಾಸ್ತೊ. ಇಂಥವನಿಗೆ ಬೈದರೂ ಒಂದೇ, ಹೊಗಳಿದರೂ ಒಂದೇ.

ಬೆಂಚುಗಳ ಮೇಲೆ ಹನ್ನೆರಡು ಜನ ಕೂತು, ಆಲೂಗಡ್ಡೆ ಹಿಟ್ಟಿನ ಸಣ್ಣ ಕಡುಬಿನ ಮೇಲೆ ಕುರಿಹಾಲಿನ ಗಿಣ್ಣು ಸುರಿದ ಹಲುಷ್ಕಿಯನ್ನು ಮುಳ್ಳುಚಮಚದಿಂದ ಚುಚ್ಚಿ ಚುಚ್ಚಿ ಪರೀಕ್ಷೆ ಮಾಡಿದರು. ಹಂದಿಯ ಕೊಬ್ಬಿನ ಚೂರುಗಳನ್ನು ಒಬ್ಬ ಬದಿಗೆ ಸರಿಸಿದ. ಅಷ್ಟರಲ್ಲಿ ಅಕಾರ್ಡಿಯನ್ ನುಡಿಸುವ ಮುದುಕ ಒಂದು ರಾಗ ಎಳೆದ. ಅಡುಗೆಮನೆಯ ಬಾಗಿಲಿನಿಂದ ಐದು ಜನ ಹೆಂಗಸರು ನೆರಿಗೆಯ ಲಂಗ, ಬಿಳಿ ತೋಳು, ಕೆಂಪು ಪಟ್ಟಿಯಲ್ಲಿ ಸಾಲಾಗಿ ಬಂದರು. ಮುಂದೆ ಪೌಲೀನಾ. ಎಪ್ಪತ್ತನಾಲ್ಕು ವರ್ಷ, ಕಡ್ಡಿಯ ಹಾಗಿದ್ದಾಳೆ, ಬಾಯಿ ಮಾತ್ರ ಊರಗಲ. ಅವಳ ಹಿಂದೆ ಯುಸ್ತೀನಾ, ಹೆರ್ಮೀನಾಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿಕೊಂಡಿದ್ದ ಧರ್ಮತಾಯಿ.

ಪೌಲೀನಾ ಸೊಂಟದ ಮೇಲೆ ಕೈಯಿಟ್ಟು ಅತಿಥಿಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಗಟ್ಟಿಯಾಗಿ ತನ್ನೂರ ಭಾಷೆಯಲ್ಲಿ, “ಅಯ್ಯೋ ದೇವರೇ, ಇವತ್ತು ಬರೀ ಗೂಳಿಗಳು! ನೋಡ್ರೇ, ತಿನ್ನೋಕೂ ಬರಲ್ಲ ಇವಕ್ಕೆ. ಹಂದಿಗಿಟ್ಟಿದ್ರೆ ತಟ್ಟೇನಾದ್ರೂ ನೆಕ್ತಿದ್ವು,” ಎಂದಳು.

“ಅಜ್ಜಿ ನಿಮ್ಮೆಲ್ಲರಿಗೂ ಹೃತ್ಪೂರ್ವಕ ಸ್ವಾಗತ ಕೋರುತ್ತಾರೆ,” ಎಂದು ಹೆರ್ಮೀನಾ ಇಂಗ್ಲಿಷಿನಲ್ಲಿ ಹೇಳಿದಳು. “ಊಟ ರುಚಿಯಾಗಿದೆಯಾ ಅಂತ ಕೇಳ್ತಿದ್ದಾರೆ.”

ಹನ್ನೆರಡು ಹೆಬ್ಬೆರಳು ಮೇಲೆದ್ದವು.

“ಏನಂತೆ?” ಪೌಲೀನಾ ಕೇಳಿದ್ದು ಯುಸ್ತೀನಾಳನ್ನು. ಮಗಳನ್ನು ನೇರವಾಗಿ ಕೇಳುವ ಹಾಗಿಲ್ಲವಲ್ಲ.

“ಅಮೃತ ಇದ್ದ ಹಾಗಿದೆಯಂತೆ ಅಂತ ಹೇಳಿ ಅವ್ರಿಗೆ, ಚಿಕ್ಕಮ್ಮ,” ಎಂದಳು ಹೆರ್ಮೀನಾ.

“ಅಮೃತ ಅಂತೆ ಕಣೇ,” ಎಂದಳು ಯುಸ್ತೀನಾ. ಎರಡು ಮೊಳ ದೂರದಲ್ಲಿ ನಿಂತ ತಾಯಿ ಮಗಳ ನಡುವೆ ಆರು ವರ್ಷದಿಂದ ಅಂಚೆ ಹಂಚಿ ಅವಳ ಪ್ರಾಣ ಹೋಗಿತ್ತು.

ಎರಡು ಹಾಡಾಯಿತು. ಇನ್ನು ಕುಲಾವಿ ತೊಡಿಸುವ ಶಾಸ್ತ್ರ. ಮದುವೆಯಲ್ಲಿ ಅದು ನಡೆಯುವುದು ನಡುರಾತ್ರಿ, ಕುಡಿದವರು ಅಮಲಿಳಿದು ಸುಮ್ಮನಾದ ಮೇಲೆ, ಮುತ್ತೈದೆಯರೇ ಸುತ್ತ ನಿಂತು. ಮದುಮಗಳು ಕುಲಾವಿಯನ್ನು ಎರಡು ಸಲ ಕಿತ್ತೆಸೆಯಬೇಕು, ನಾನು ಹುಡುಗಿಯಾಗಿಯೇ ಇರ್ತೀನಿ ಅಂತ. ಮೂರನೇ ಸಲ ತಲೆಬಾಗಬೇಕು. ಇಲ್ಲಿ ನಡೆಯುವುದು ಮಧ್ಯಾಹ್ನ ಒಂದೂವರೆಗೆ, ಕಡುಬಿಗೂ ಕಾಫಿಗೂ ಮಧ್ಯೆ. ಎಸೆಯುವುದನ್ನು ರಾಸ್ತೊ ತೆಗೆಸಿಹಾಕಿದ್ದ, ಗ್ರಾಹಕರಿಗೆ ಗಲಿಬಿಲಿಯಾಗುತ್ತದಂತೆ. ಹಾಡಿನ ನಾಲ್ಕು ಚರಣದಲ್ಲಿ ಒಂದೇ ಉಳಿದಿತ್ತು. ಬಂದವರಲ್ಲೇ ಯಾರೋ ಒಬ್ಬಳನ್ನು ಕುರ್ಚಿಯ ಮೇಲೆ ಕೂರಿಸಿ, ಎಲಾಸ್ಟಿಕ್ ಹಾಕಿದ ಒಂದು ಪಾಲಿಯೆಸ್ಟರ್ ಕುಲಾವಿ ತೊಡಿಸಿ, ಚಪ್ಪಾಳೆ ತಟ್ಟಿ, ಕುಲಾವಿಯನ್ನು ವಾಪಸ್ ಡಬ್ಬಿಗೆ ಹಾಕಿಕೊಳ್ಳುವುದು. ಎಲಾಸ್ಟಿಕ್ ಇರುವುದು ಎಲ್ಲ ಅಳತೆಯ ತಲೆಗೂ ಕೂರಲಿ ಅಂತ.

“ಮದುಮಗಳು ಎಲ್ಲಿ?” ಎಂದ ರಾಸ್ತೊ, ಡಬ್ಬಿ ತೆರೆಯುತ್ತಾ. ಆಮೇಲೆ ಬೆಂಚುಗಳ ಕಡೆ ನೋಡಿ ಅವನ ಮುಖ ಪೆಚ್ಚಾಯಿತು. ಹೆಂಗಸರೆಲ್ಲ ಬಿಸಿನೀರಿನಲ್ಲಿ ಕೂತಿರುವುದು ಆ ಪುಣ್ಯಾತ್ಮನಿಗೆ ಆಗಷ್ಟೇ ಹೊಳೆದಿತ್ತು.

ವಿಮ್ ಎದ್ದ. ಎದ್ದವನು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಬೋಳುತಲೆಯನ್ನು ಮುಂದೆ ಚಾಚಿ, ಕಣ್ಣು ಮಿಟುಕಿಸಿದ. ಅವನ ಗೆಳೆಯರು ಮೇಜು ಗುದ್ದಿದರು. ರಾಸ್ತೊಗೂ ಖುಷಿಯಾಯಿತು.

“ಇದು ಚೆನ್ನಾಗಿದೆ! ಪೌಲೀನಾ ಅಜ್ಜಿ, ಇವರಿಗೇ ಹಾಕ್ಬಿಡಿ. ವಿಡಿಯೋ ಸೂಪರ್ ಆಗುತ್ತೆ.”

“ಗಂಡಸಿಗಾ?” ಪೌಲೀನಾಳ ದನಿ ಒಮ್ಮೆಲೇ ಇಳಿಯಿತು. “ನಿಮ್ಮಜ್ಜಿಯನ್ನ ಅವಳ ಮದುವೆ ಕುಲಾವಿಯಲ್ಲೇ ಹೂತ್ರು ಅಂತ ಗೊತ್ತೇನೋ ನಿಂಗೆ? ನಾನೇ ತೊಡಿಸಿ ಕಳಿಸಿದ್ದು. ಎಬ್ಬಿಸೋ ಈ ಬೆಂದ ಆಲೂಗಡ್ಡೇನ.”

“ಅಜ್ಜಿ ಏನಂದ್ರು?” ವಿಮ್ ಕೇಳಿದ.

“ನೀವು ತುಂಬಾ ಸುಂದರವಾಗಿದ್ದೀರಿ, ಆದರೆ ಪದ್ಧತಿ ಒಪ್ಪೋದಿಲ್ಲ ಅಂದ್ರು,” ಎಂದಳು ಹೆರ್ಮೀನಾ. ವಿಮ್ ಎದೆಯ ಮೇಲೆ ಕೈಯಿಟ್ಟು ಬಾಗಿ ತನ್ನ ಜಾಗಕ್ಕೆ ಹೋದ. ಎದೆಯ ಗಂಟೆ ಇನ್ನೂ ಬಿಚ್ಚಿರಲಿಲ್ಲ, ಗಣ್ ಎಂದಿತು.

ರಾಸ್ತೊ ಗಡಿಯಾರ ನೋಡಿಕೊಂಡ. “ಸರಿ ಹಾಗಾದ್ರೆ, ಹೆರ್ಮೀನಾ ಅವ್ರೇ ಕೂತ್ಕೊಳ್ಳಿ. ಎರಡು ನಿಮಿಷದ ಕೆಲಸ. ವಿವರಣೆ ಕೂತ್ಕೊಂಡೇ ಕೊಡಿ.”

ಯುಸ್ತೀನಾಳ ಕೈ ಬಾಯಿಗೆ ಹೋಯಿತು. ಅಕಾರ್ಡಿಯನ್ ಮುದುಕ ಪೆಟ್ಟಿಗೆಯನ್ನು ಅರ್ಧ ಎಳೆದಲ್ಲೇ ನಿಲ್ಲಿಸಿದ.

“ಅವಳಿಗೆ ಆಗಲ್ಲ,” ಎಂದಳು ಪೌಲೀನಾ.

“ಯಾಕಜ್ಜಿ? ಬರೀ ನಾಟಕ ತಾನೇ?”

“ನಾಟಕಕ್ಕೂ ಆಗಲ್ಲ ಅಂದ್ನಲ್ಲ. ಹೋದ ವಾರದ ಆ ಸಿಳ್ಳೆ ಹೊಡೆಯೋ ಹುಡುಗಿ ತಲೆಗೆ ನಾನು ಹಾಕಿದ್ದು ಬರೀ ಬಟ್ಟೆ. ಬಾಣಲಿಗೆ ಮುಚ್ಚಳ ಹಾಕಿದ ಹಾಗೆ. ನಮ್ಮ ಹುಡುಗಿ ತಲೆಗೆ ನಾವು ಹಾಡು ಹೇಳಿ ಹಾಕಿದ್ರೆ ಅದು ಹಾಕಿದ ಹಾಗೇನೇ. ಆಮೇಲೆ ತೆಗೆಯೋ ಹಾಗಿಲ್ಲ. ನಿನ್ನ ಡಬ್ಬಿಗೆ ವಾಪಸ್ ಬರೋದಿಲ್ಲ ಅದು.”

ಹೆರ್ಮೀನಾ ಕೇಳಿಸಿಕೊಂಡಳು. ಆರು ವರ್ಷದಿಂದ ಅವಳಿಗೆ ಈ ಇಡೀ ಆಟದ ಮೇಲೆ ಎಂಥ ತಿರಸ್ಕಾರವಿತ್ತೆಂದರೆ, ಬುಧವಾರ ರಾತ್ರಿ ಮನೆಗೆ ಹೋಗಿ ಮೊದಲು ಬಾಯಿ ಮುಕ್ಕಳಿಸುತ್ತಿದ್ದಳು. ತಾಯಿ ಪಾಲಿಯೆಸ್ಟರ್ ಕುಲಾವಿ ಹಿಡಿದು ಪರದೇಶದವರ ಮುಂದೆ ಕುಣಿಯುವುದನ್ನು ನೋಡಿ, ಇದಕ್ಕಾಗಿ ನನ್ನನ್ನು ಬಿಟ್ಟೆಯಾ ಎಂದು ಒಳಗೇ ಕುದಿಯುತ್ತಿದ್ದಳು. ತಾಯಿಗೂ ಇದು ಬಾಣಲಿಯ ಮುಚ್ಚಳವೇ ಆಗಿತ್ತು ಎಂದು ಇವತ್ತು ಗೊತ್ತಾಯಿತು. ಹಾಗೆಯೇ ಇನ್ನೊಂದೂ ಗೊತ್ತಾಯಿತು. ತನ್ನ ತಲೆಯಾದರೆ ಅದು ಮುಚ್ಚಳವಲ್ಲ.

ಅವಳು ಹೋಗಿ ಕುರ್ಚಿಯ ಮೇಲೆ ಕೂತಳು.

“ಏಳೇ,” ಎಂದು ಪಿಸುಗುಟ್ಟಿದಳು ಯುಸ್ತೀನಾ. “ಬೇಡ್ವೇ ಮಾರಾಯ್ತಿ.”

“ಶುರು ಮಾಡಿ ಚಿಕ್ಕಮ್ಮ. ಬಸ್ಸಿಗೆ ಹೊತ್ತಾಗುತ್ತೆ,” ಎಂದಳು ಹೆರ್ಮೀನಾ. ಕೂದಲಿನ ರಬ್ಬರ್‌ಬ್ಯಾಂಡ್ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅರ್ಧ ನರೆತ ಕೂದಲು ಹೆಗಲಿಗೆ ಬಿತ್ತು. ಬೆಂಚಿನವರು ಓಹೋ ಎಂದು ಫೋನುಗಳನ್ನು ಎತ್ತಿದರು.

ಪೌಲೀನಾ ಹೊರಟುಹೋಗಬಹುದಿತ್ತು. ಅಡುಗೆಮನೆಯ ಬಾಗಿಲು ನಾಲ್ಕು ಹೆಜ್ಜೆ. ಆದರೆ ಪರದೇಶದವರ ಮುಂದೆ ಬೆನ್ನು ತೋರಿಸುವ ಜಾತಿಯಲ್ಲ ಅದು. ಡಬ್ಬಿಯಿಂದ ಕುಲಾವಿಯನ್ನು ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿದಳು. ಹೆಂಗಸರು ಹಾಡು ಶುರುಮಾಡಿದರು. ಹಸಿರು ಹುಲ್ಲು ಕೊಯ್ದಾಯಿತು, ಹುಡುಗಿಯ ಜಡೆ ಬಿಚ್ಚಾಯಿತು, ಇನ್ನು ಬೆಟ್ಟದ ಹಾದಿ ನಿನ್ನದಲ್ಲ ಎಂಬ ಚರಣ. ಪೌಲೀನಾ ಕುಲಾವಿಯನ್ನು ಮಗಳ ತಲೆಯ ಮೇಲೆ ಹಾಗೇ ಬಿಸಾಡಿದಂತೆ ಇಟ್ಟು ಕೈ ಒರೆಸಿಕೊಂಡಳು.

ಹೆರ್ಮೀನಾ ಅದನ್ನು ಕಿತ್ತು ಎಸೆದಳು.

ಕುಲಾವಿ ಹಾರಿ ಒಬ್ಬನ ಹಲುಷ್ಕಿ ತಟ್ಟೆಯ ಅಂಚಿಗೆ ಬಿತ್ತು. ಬೆಂಚಿನಿಂದ ಚಪ್ಪಾಳೆ.

“ಏನೇ ಇದು?” ಎಂದಳು ಪೌಲೀನಾ. ಯುಸ್ತೀನಾಳ ಕಡೆ ನೋಡದೆ, ನೇರ ಮಗಳ ಮುಖ ನೋಡಿ.

“ಪದ್ಧತಿ. ನೀನೇ ಹೇಳಿಕೊಟ್ಟಿದ್ದು, ಎರಡು ಸಲ ಎಸೀಬೇಕು ಅಂತ.”

“ಇವರ ಮುಂದೇನಾ? ಈ ಗಂಟೆ ಕಟ್ಕೊಂಡಿರೋ ಕುರಿಗಳ ಮುಂದೆ?”

“ಇನ್ಯಾರ ಮುಂದೆ ಅಮ್ಮ? ನೀನು ಊರು ಕರೆದಿದ್ರೆ ಊರ ಮುಂದೆ ಆಗ್ತಿತ್ತು. ನೀನು ಕರೀಲಿಲ್ಲ, ಕುರಿಗಳು ಬಂದ್ವು.”

“ಹೆರ್ಮೀನಾ ಅವ್ರೇ, ಚಿಕ್ಕದಾಗಿ ಮುಗಿಸೋಣ,” ಎಂದ ರಾಸ್ತೊ ನಗುನಗುತ್ತಲೇ, ಹಲ್ಲು ಕಚ್ಚಿಕೊಂಡು.

“ಬಾಯಿ ಮುಚ್ಕೊಂಡು ನಿಂತ್ಕೊಳೋ,” ಎಂದಳು ಪೌಲೀನಾ ಅವನ ಕಡೆ ತಿರುಗದೆ. ತಟ್ಟೆಯ ಅಂಚಿನಿಂದ ಕುಲಾವಿ ಎತ್ತಿದಳು. ಗಿಣ್ಣು ಮೆತ್ತಿದ್ದ ಕಡೆ ಲಂಗಕ್ಕೆ ಒರೆಸಿದಳು. ಈ ಸಲ ಎರಡೂ ಕೈಯಲ್ಲಿ ಹಿಡಿದು, ಪಾತ್ರೆಗೆ ಮುಚ್ಚಳ ಅಮುಕಿದ ಹಾಗೆ ಮಗಳ ತಲೆಗೆ ಅಮುಕಿದಳು. ಹೆರ್ಮೀನಾಳ ಕತ್ತು ಕುಸಿಯಿತು. ಅವಳು ಕತ್ತೆತ್ತಿ, ಎಲಾಸ್ಟಿಕ್ಕಿಗೆ ಹೆಬ್ಬೆರಳು ತೂರಿಸಿ, ಎರಡನೇ ಸಲ ಎಸೆದಳು. ಇದು ವಿಮ್‌ನ ಬೂಟಿನ ಹತ್ತಿರ ನೆಲಕ್ಕೆ ಬಿತ್ತು.

ಇನ್ನೊಂದು ಸಲ ಉಳಿದಿತ್ತು. ಎತ್ತುವುದು ತಾಯಿಯ ಕೈಯಲ್ಲಿತ್ತು, ಎತ್ತದೆ ಬಿಡುವುದೂ ಅವಳ ಕೈಯಲ್ಲೇ ಇತ್ತು. ಎತ್ತದೆ ಬಿಟ್ಟರೆ ಊರಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಹಾಗೆ ಬಿಟ್ಟ ಹೆಣ್ಣನ್ನು ಮತ್ತೆ ಯಾರೂ ಕೂರಿಸುವುದಿಲ್ಲ. ಇದೆಲ್ಲ ಗೊತ್ತಿದ್ದೇ ಹೆರ್ಮೀನಾ ಕೂತಿದ್ದಳು. ವಿಮ್ ಒಳ್ಳೆಯ ಮನಸ್ಸಿನಿಂದಲೇ ಬಗ್ಗಿ ಕೈ ಚಾಚಿದ.

“ಮುಟ್ಬೇಡ!” ಎಂದು ಕಿರುಚಿದಳು ಯುಸ್ತೀನಾ. ಭಾಷೆ ಗೊತ್ತಿಲ್ಲದಿದ್ದರೂ ಅವನಿಗೆ ಅರ್ಥವಾಯಿತು. ಕೈ ಹಿಂದಕ್ಕೆ ಎಳೆದುಕೊಂಡ.

ಪೌಲೀನಾ ನಿಂತೇ ಇದ್ದಳು. ಮಗಳನ್ನು ಸಂತೆಯಲ್ಲಿ ಹಸು ನೋಡುವ ಹಾಗೆ ನೋಡಿದಳು.

“ಕುಡೀತಾನಾ?”

“ಇಲ್ಲ.”

“ಕೈ ಮಾಡ್ತಾನಾ?”

“ಇಲ್ಲಮ್ಮ.”

“ಮತ್ಯಾಕೆ ಬಿಟ್ಟುಹೋದ್ಲು ಆ ಮೊದಲನೆಯವಳು?”

“ಮಾತೇ ಆಡಲ್ಲ, ಗೋಡೆ ಜೊತೆ ಸಂಸಾರ ಮಾಡಿದ ಹಾಗೆ ಅಂತ.”

“ನೀನು ಹೇಗೆ ತಡ್ಕೊಂಡಿದ್ದೀಯ?”

“ನಂಗೆ ಅಭ್ಯಾಸ ಇದೆ,” ಎಂದಳು ಹೆರ್ಮೀನಾ. “ನಾನು ನಿನ್ನ ಮಗಳಲ್ವಾ?”

ಹಿಂದಿನ ಸಾಲಿನಲ್ಲಿ ಒಬ್ಬಳು ಹೆಂಗಸು ಕಿಸಕ್ಕೆಂದು ನಕ್ಕು, ತಕ್ಷಣ ಕೆಮ್ಮಿದಳು.

“ಅವರು ಏನು ಮಾತಾಡ್ತಿದ್ದಾರೆ?” ಎಂದು ಬೆಂಚಿನಿಂದ ಯಾರೋ ಕೇಳಿದರು.

“ಹವಾಮಾನದ ಬಗ್ಗೆ,” ಎಂದಳು ಹೆರ್ಮೀನಾ.

ಮುದುಕಿ ಬಗ್ಗಿದಳು. ಒಂದು ಮಂಡಿ ಊರಿ, ಮೇಜಿನ ಕಾಲು ಹಿಡಿದುಕೊಂಡು, ವಿಮ್‌ನ ಬೂಟಿನ ಪಕ್ಕದಿಂದ ಕುಲಾವಿಯನ್ನು ಎತ್ತಿದಳು. ಫೂ ಎಂದು ಊದಿದಳು. “ಎಂಥ ದರಿದ್ರ ಬಟ್ಟೆನೋ ಇದು, ಬೆವರೂ ಹೀರಲ್ಲ,” ಎಂದು ರಾಸ್ತೊಗೆ ಬೈದಳು. ಆಮೇಲೆ ತನ್ನ ಲಂಗದ ಜೇಬಿನಿಂದ ಬಾಚಣಿಗೆ ತೆಗೆದು, ಮಗಳ ಕೂದಲನ್ನು ಹಣೆಯಿಂದ ಹಿಂದಕ್ಕೆ ಬಾಚತೊಡಗಿದಳು. ಸಿಕ್ಕಿದ್ದ ಕಡೆ ಕನಿಕರವಿಲ್ಲದೆ ಎಳೆದಳು. ಹೆರ್ಮೀನಾಳ ಕಣ್ಣಲ್ಲಿ ನೀರು ಬಂತು. ಎಳೆತಕ್ಕೇ ಬಂದದ್ದು ಎಂದು ಬೇಕಾದವರು ತಿಳಿದುಕೊಳ್ಳಬಹುದು.

“ನೆಟ್ಟಗೆ ಕೂತ್ಕೊ. ಬೆನ್ನು ನೋಡು, ಕುಡುಗೋಲಿನ ಹಾಗೆ.”

“ನೋವಾಗುತ್ತೆ ಅಮ್ಮ.”

“ಆಗ್ಲಿ.”

ಯುಸ್ತೀನಾ ಹಾಡು ಎತ್ತಿದಳು. ರಾಸ್ತೊ ಕತ್ತರಿಸಿ ಹಾಕಿದ್ದ ಚರಣಗಳೆಲ್ಲ ಒಂದೊಂದಾಗಿ ಬಂದವು. ತಾಯಿಯ ಒಲೆಗೆ ಬೂದಿ ಮುಚ್ಚಿದೆ, ನಿನ್ನ ಒಲೆಗೆ ಕೆಂಡ ಒಯ್ಯಿ ಎಂಬ ಕೊನೆಯ ಚರಣದವರೆಗೂ. ಸಾಮಾನ್ಯವಾಗಿ ಮುಂಚೂಣಿಯಲ್ಲಿ ಕಿರುಚುವ ಪೌಲೀನಾಳ ದನಿ ಮಾತ್ರ ಅದರಲ್ಲಿ ಇರಲಿಲ್ಲ. ಅವಳು ಗಂಟು ಕಟ್ಟಿ, ತನ್ನ ತಲೆಯದೇ ಎರಡು ಪಿನ್ನು ಕಿತ್ತು ಸಿಕ್ಕಿಸಿ, ಕುಲಾವಿಯನ್ನು ಅದರ ಮೇಲೆ ಕೂರಿಸಿ, ಎಲಾಸ್ಟಿಕ್ಕನ್ನು ಕಿವಿಯ ಹಿಂದೆ ಬೆರಳಿನಿಂದ ಒಳಸೇರಿಸಿದಳು. ಹೆರ್ಮೀನಾ ತಲೆ ಬಾಗಿದಳು. ಹಾಡು ಮುಗಿದ ಮೇಲೆ ಮುದುಕಿ ಮೂಗನ್ನು ತೋಳಿಗೆ ಒರೆಸಿಕೊಂಡು, “ಈ ಅಡುಗೆಮನೆ ಹೊಗೆ ಒಂದು,” ಎಂದು ಗೊಣಗಿದಳು. ಹೊಗೆ ಎಲ್ಲೂ ಇರಲಿಲ್ಲ.

ಬೆಂಚಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿಳ್ಳೆ ಹೊಡೆದರು. ತುಂಬಾ ಸಹಜವಾಗಿತ್ತು ಎಂದರು, ತಾಯಿಯ ಪಾತ್ರದವರಂತೂ ಅದ್ಭುತ ನಟಿ ಎಂದರು. ರಾಸ್ತೊ ಹಣೆಯ ಬೆವರು ಒರೆಸಿಕೊಂಡು ಮುಂದೆ ಬಂದ.

“ಸೂಪರ್. ಈ ಎಸೆಯೋದನ್ನ ಇನ್ಮೇಲೆ ಇಟ್ಕೊಳ್ಳೋಣ, ಗ್ರಾಹಕರಿಗೆ ಹಿಡಿಸ್ತು. ಕುಲಾವಿ ಕೊಡಿ ಹೆರ್ಮೀನಾ ಅವ್ರೇ, ಡಬ್ಬಿಗೆ ಹಾಕ್ತೀನಿ.” ಎಂದು ಅವಳ ತಲೆಯ ಕಡೆ ಕೈ ಚಾಚಿದ.

ಪೌಲೀನಾ ಆ ಕೈಗೆ ಪಟ್ ಎಂದು ಹೊಡೆದಳು. ಅಡುಗೆಮನೆಯವರೆಗೂ ಕೇಳಿಸಿತು.

“ಮುಂದಿನ ವಾರಕ್ಕೆ ಬೇರೆ ತಂದುಕೋ. ಮದುವೆಯಾದ ಹೆಂಗಸಿನ ತಲೆಗೆ ಕೈ ಹಾಕ್ತೀಯೇನೋ, ಮಾನಗೆಟ್ಟವ್ನೆ!”

ರಾಸ್ತೊ ಕೈ ಉಜ್ಜಿಕೊಂಡ. ವಿಮ್ ಮೇಜಿನ ಆಚೆಯಿಂದ ನಗುಮುಖ ಮುಂದೆ ಚಾಚಿ, “ಈಗ ಏನಂದ್ರು ಅಜ್ಜಿ?” ಎಂದ.

ಹೆರ್ಮೀನಾ ಬಾಯಿ ತೆರೆದಳು. ಹದಿನೈದು ವರ್ಷ ಗೈಡ್ ಕೆಲಸ ಮಾಡಿದವಳು. ಬೈಗುಳವನ್ನು ಸ್ವಾಗತವಾಗಿ, ಶಾಪವನ್ನು ಸುಭಾಷಿತವಾಗಿ ನಿಂತ ನಿಲುವಿನಲ್ಲೇ ತಿರುಗಿಸಬಲ್ಲವಳು. ಕೊನೆಗೆ, “ಬಸ್ಸಿಗೆ ಹೊತ್ತಾಯ್ತು,” ಎಂದಷ್ಟೇ ಹೇಳಿ ಎದ್ದಳು.

ಹೊರಗೆ ಬಿಸಿಲು ಚುರುಕಾಗಿತ್ತು. ಹನ್ನೆರಡು ಗಂಟೆಗಳು ಗಣಗಣ ಎಂದು ಬಸ್ಸು ಹತ್ತಿದವು. ಮೆತೋದ್ ಕಾಗದದಲ್ಲಿ ಉಳಿದ ಈರುಳ್ಳಿ ಸುತ್ತುತ್ತಾ, ಇಂಜಿನ್ ಚಾಲೂ ಮಾಡಿ, ಕನ್ನಡಿಯಲ್ಲಿ ತಲೆ ಎಣಿಸುತ್ತಿದ್ದ. ಎಣಿಸುತ್ತಾ ಕೆಳಗೆ ಬಾಗಿಲ ಹತ್ತಿರ ನಿಂತಿದ್ದ ಹೆಂಡತಿಯನ್ನು ನೋಡಿದ. ಅವಳ ತಲೆಯನ್ನು ನೋಡಿದ.

“ಅದು,” ಎಂದ.

“ಹೌದು,” ಎಂದಳು ಹೆರ್ಮೀನಾ.

“ನಿಮ್ಮಮ್ಮಾನೇ?”

“ಇನ್ಯಾರು, ನಗರಸಭೆಯವರಾ?”

ಮೆತೋದ್ ಇಂಜಿನ್ ಆರಿಸಿದ. ಒಳಗಿದ್ದವರು ಹೊರಡೋಣ ಹೊರಡೋಣ ಎಂದು ಡಚ್ ಭಾಷೆಯಲ್ಲಿ ಏನೋ ಹಾಡು ಶುರುಮಾಡಿದರು. ಅವನು ಕೆಳಗಿಳಿದು ನಿಂತು, ಮೀಸೆಯ ಮೇಲೆ ಕೈಯಾಡಿಸಿಕೊಂಡು, ಕೊಲಿಬಾದ ಕಡೆ ನೋಡಿದ.

ಬಾಗಿಲಲ್ಲಿ ಪೌಲೀನಾ ಇವರ ಕಡೆ ಬೆನ್ನು ಹಾಕಿ ನಿಂತಿದ್ದಳು. ಒಳಗಿನ ಹೆಂಗಸರಿಗೆ ಏನೋ ಬೈಯುತ್ತಿದ್ದಳು, ಉಳಿದ ಹಲುಷ್ಕಿಯನ್ನು ನಾಯಿಗೆ ಹಾಕಬೇಡಿ, ಒಲೆಯ ಮೇಲೇ ಇರಲಿ ಅಂತ. ತಿರುಗಿ ನೋಡಲಿಲ್ಲ. ಬೈಯುತ್ತಲೇ, ಲಂಗವನ್ನು ಒಂದು ಕೈಯಲ್ಲಿ ಒಟ್ಟುಮಾಡಿ ಹಿಡಿದು, ಹೊಸ್ತಿಲಿನ ಬಲಕ್ಕೆ ಸರಿದು ನಿಂತಳು. ದಪ್ಪನೆಯ ಒಬ್ಬ ಗಂಡಸು ದಾಟುವಷ್ಟು ಜಾಗ ಬಾಗಿಲಲ್ಲಿ ಬಿಟ್ಟುಕೊಂಡಿತು.